ವಿಚಾರಣೆಯ ಕಡತದಲ್ಲಿ ಹಳ್ಳಿಯವರ ದನಿ ಕೇಳುತ್ತದೆಯೇ?

ಪರ

ಹದಿನಾರನೇ ಶತಮಾನದ ಕ್ಯಾಥೊಲಿಕ್ ಇತಿಹಾಸವೆಂದರೆ ಪೋಪರ ಆಜ್ಞೆಗಳು, ಬಿಷಪ್ಪರ ಟ್ರೆಂಟ್ ಮಹಾಸಭೆಯ (1545–1563) ನಿರ್ಣಯಗಳು ಎಂದೇ ಬಹುಕಾಲ ಬರೆದದ್ದಾಯಿತು. ಉಳುವವನು, ಬೀಸುವವಳು ಏನು ನಂಬಿದ್ದರು? ಅಕ್ಷರ ಬಾರದವರು ಏನನ್ನೂ ಬರೆದಿಡಲಿಲ್ಲ. ಅವರ ಮಾತು ಹೆಚ್ಚಾಗಿ ಕಾಗದಕ್ಕಿಳಿದದ್ದು ಇನ್‌ಕ್ವಿಸಿಷನ್, ಅಂದರೆ ಧರ್ಮದ್ರೋಹ ವಿಚಾರಿಸುವ ಚರ್ಚಿನ ನ್ಯಾಯಮಂಡಳಿಯ, ಅಧಿಕಾರಿಯ ಎದುರು ನಿಂತಾಗ.

ಇಟಲಿಯ ಈಶಾನ್ಯ ಮೂಲೆಯ ಫ್ರಿಯುಲಿ ಪ್ರಾಂತ್ಯ, 1580. ಚಿವಿದಾಲೆ ಪಟ್ಟಣದಲ್ಲಿ ಡಂಗುರ ಸಾರುತ್ತಿದ್ದ ಬತ್ತಿಸ್ತಾ ಮೊದೂಕೊ ತಾನು 'ಬೆನಂದಾಂತಿ'ಗಳಲ್ಲೊಬ್ಬ ಎಂದ. ವರ್ಷಕ್ಕೆ ನಾಲ್ಕು ಸಲ, ರಾತ್ರಿ ಹೊತ್ತು, ಪ್ರಾಣ ಮಾತ್ರ ದೇಹ ಬಿಟ್ಟು ಕಾಳಗಕ್ಕೆ ಹೋಗುತ್ತದಂತೆ. ಇವರ ಕೈಯಲ್ಲಿ ಸೋಂಪಿನ ದಂಟು, ಮಾಟಗಾರರ ಕೈಯಲ್ಲಿ ಜೋಳದ ದಂಟು. ಇವರು ಗೆದ್ದರೆ ಆ ವರ್ಷ ಬೆಳೆ, ಸೋತರೆ ಬರ. ಅದೂ ಕ್ರಿಸ್ತನ ಪರವಾಗಿ!

ವಿಚಾರಿಸಿದವರಿಗೇ ಇದರ ತಲೆಬುಡ ತಿಳಿಯಲಿಲ್ಲ. ನನಗೆ ಅತ್ಯಂತ ಬಲವಾದ ಸಾಕ್ಷಿ ಅದೇ. ಕೇಳುವವನು ಊಹಿಸಿರದ ಉತ್ತರವನ್ನು ಅವನೇ ಬಾಯಿಗೆ ತುರುಕಿರಲಾರ.

ವಿರೋಧ

ಅದೇ ಕಡತಗಳ ಮುಂದಿನ ಪುಟಗಳನ್ನು ತಿರುವಿ. ಸೈತಾನನನ್ನು ಕಂಡೆಯಾ, ಅವನ ಕೂಟಕ್ಕೆ ಹೋದೆಯಾ ಎಂಬ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. 1640ರ ದಶಕದ ಹೊತ್ತಿಗೆ ಬೆನಂದಾಂತಿಗಳಲ್ಲೇ ಕೆಲವರು ಹೌದು, ಹೋಗಿದ್ದೆವು ಎನ್ನತೊಡಗಿದರು. ಬೆಳೆ ಕಾಯುವವರು ಎರಡು ತಲೆಮಾರಿನಲ್ಲಿ ಮಾಟಗಾರರಾದರು. ಕೇಳುವವನ ಕಿವಿಗೆ ತಕ್ಕಂತೆ ಹೇಳುವವನ ನಾಲಿಗೆ ತಿರುಗಿದೆ. ಜೈಲಿನ ಭಯದಲ್ಲಿ ಆಡಿದ ಮಾತನ್ನು ಊರಿನ ನಂಬಿಕೆ ಎಂದು ಹೇಗೆ ಓದುವುದು?

ಇನ್ನೊಂದು ತೊಡಕು, ಕಡತ ಉಳಿದ ಊರಷ್ಟೇ ಮಾತಾಡುತ್ತದೆ. ಗೋವಾದಲ್ಲಿ 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟರೆ, ಇನ್‌ಕ್ವಿಸಿಷನ್ ನಡೆಯಿತು. ವಿಚಾರಣೆಯ ಕಾಗದಗಳು ಬಹುಪಾಲು ನಾಶವಾದವು. ಲಿಸ್ಬನ್‌ನಲ್ಲಿ 1623ರ ಒಂದು ಸೂಚಿ ಉಳಿದಿದೆ, ಸುಮಾರು 3,800 ಪ್ರಕರಣಗಳದ್ದು. ಅದರಲ್ಲಿ ಯಾರು, ಯಾವ ಆರೋಪ ಎಂಬುದು ಸಿಗುತ್ತದೆ. ಮೊದೂಕೊನಂಥ ಒಬ್ಬನ ಕಥೆ ಸಿಗುವುದಿಲ್ಲ. ಹಾಗೆಂದು ಗೋವಾದ ಕ್ರೈಸ್ತರಿಗೆ ಹೇಳಲು ಏನೂ ಇರಲಿಲ್ಲವೇ?

ಗೋವಾದಿಂದ ಬಂದವರ ವಂಶಸ್ಥರು ಮಂಗಳೂರಿನಲ್ಲಿ ಇಂದಿಗೂ ಸೆಪ್ಟೆಂಬರ್ 8ರಂದು, ಮೇರಿ ಮಾತೆ ಹುಟ್ಟಿದ ದಿನವೆಂದು ಆಚರಿಸುವ ಮೊಂತಿ ಹಬ್ಬದಂದು, ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತರುತ್ತಾರೆ. ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರೆ. ಬೆಳೆ ಮತ್ತು ದೇವರ ನಂಟು ಇಲ್ಲೂ ಇದೆ, ಯಾವ ನ್ಯಾಯಾಧೀಶನೂ ಕೇಳಿ ಬರೆಸಿಕೊಳ್ಳದೆ.