ಬೇಡ ಎನ್ನುವ ಹಕ್ಕು ನಾಯಿಗೂ ಇದೆ

"ನಿಮ್ಮ ನಾಯಿಗೆ ಏನಾಗಿದೆ?" ಊರಿಂದ ಫೋನ್ ಮಾಡಿದ ಚಿಕ್ಕಮ್ಮ ಗಾಬರಿಯಲ್ಲಿದ್ದರು. ಚುಕ್ಕಿ ಈಗ ಥೆರಪಿ ನಾಯಿ ಎಂದು ನನ್ನ ಹೆಂಡತಿ ವಾಟ್ಸಾಪ್‌ನಲ್ಲಿ ಫೋಟೊ ಹಾಕಿದ್ದಳು. ಥೆರಪಿ ಅಂದ ಮೇಲೆ ನಾಯಿಗೇ ಏನೋ ಆಗಿರಬೇಕು ಎನ್ನುವುದು ಚಿಕ್ಕಮ್ಮನ ಲೆಕ್ಕ. ನಾಯಿಗೆ ಏನೂ ಆಗಿಲ್ಲ, ಹುಷಾರಿಲ್ಲದವರನ್ನು ಮಾತಾಡಿಸಿಕೊಂಡು ಬರಲು ಅದೇ ಆಸ್ಪತ್ರೆಗೆ ಹೋಗುತ್ತದೆ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿದರು: "ಆಸ್ಪತ್ರೆ ಒಳಗೆ ನಾಯಿ ಬಿಡ್ತಾರಾ?"

ಬಿಡುತ್ತಾರೆ. ಆದರೆ ಸುಮ್ನೆ ಬಿಡುವುದಿಲ್ಲ. ನಾನು ಇಂಗ್ಲೆಂಡಿಗೆ ಬಂದು 14 ವರ್ಷವಾಯಿತು. ನಾಯಿ ಸಾಕಿದ್ದು ಆರು ವರ್ಷದಿಂದ. ಅದನ್ನು ವಾರ್ಡಿಗೆ ಕರೆದುಕೊಂಡು ಹೋಗಲು ಶುರು ಮಾಡಿದ್ದು ಎರಡು ವರ್ಷದಿಂದ. ಈ ಎರಡು ವರ್ಷದಲ್ಲಿ ನಾನು ನಾಯಿಯ ಬಗ್ಗೆ ಕಲಿತದ್ದಕ್ಕಿಂತ ನಮ್ಮ ಬಗ್ಗೆ ಕಲಿತದ್ದೇ ಜಾಸ್ತಿ.

ಮೊದಲು ಅವಳ ದಿನಚರಿ ಹೇಳುತ್ತೇನೆ. (ಚಿಕ್ಕಮ್ಮ ಈಗಲೂ 'ಅದು' ಎನ್ನುತ್ತಾರೆ. ನಮ್ಮ ಮನೆಯಲ್ಲಿ 'ಅವಳು'.) ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಭೇಟಿ. ಬೆಳಿಗ್ಗೆಯೇ ಮೈ ತೊಳೆದು, ಒಣಗಿಸಿ, ಬ್ರಷ್ ಮಾಡಬೇಕು. ಉಗುರಿನ ತುದಿ ಚೂಪಾಗಿಲ್ಲ ಎಂದು ಬೆರಳಿಟ್ಟು ನೋಡಬೇಕು. ಒಂದು ಸುತ್ತು ನಡೆಸಿ, ಹೊರಗಿನ ಕೆಲಸವೆಲ್ಲ ಮುಗಿಸಿಕೊಂಡು ಬರಬೇಕು. ಆಮೇಲೆ ಡ್ರಾಯರಿನಿಂದ ಅವಳಿಗೆ ಕಟ್ಟುವ ಸ್ಕಾರ್ಫ್ ತೆಗೆಯುತ್ತೇನೆ. ಅದನ್ನು ಕಂಡ ಕೂಡಲೇ ಚುಕ್ಕಿಯ ನಡಿಗೆಯೇ ಬದಲಾಗುತ್ತದೆ. ಪಾರ್ಕಿನಲ್ಲಿ ಅಳಿಲು ಕಂಡರೆ ನನ್ನ ಭುಜ ಕಿತ್ತುಬರುವಂತೆ ಎಳೆಯುವ ನಾಯಿ, ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ನನ್ನ ಮೊಣಕಾಲಿಗೆ ಒತ್ತಿಕೊಂಡು ನಡೆಯುತ್ತದೆ.

ವಾರ್ಡಿನಲ್ಲಿ ಮೊದಲು ನರ್ಸ್ ಹತ್ತಿರ ಹೋಗಬೇಕು. ಇವತ್ತು ಯಾವ ಹಾಸಿಗೆಗೆ ಹೋಗಬಹುದು, ಯಾವುದಕ್ಕೆ ಬೇಡ ಎಂದು ಅವರು ಹೇಳುತ್ತಾರೆ. ಸೋಂಕಿನಿಂದ ಬೇರೆ ಇಟ್ಟವರು, ರೋಗ ತಡೆಯುವ ಶಕ್ತಿ ತೀರಾ ಕುಗ್ಗಿದವರು, ತೆರೆದ ಗಾಯ ಇರುವವರು, ನಾಯಿ ಕೂದಲಿನ ಅಲರ್ಜಿ ಇರುವವರು, ಇವರ ಹತ್ತಿರ ಸುಳಿಯುವಂತಿಲ್ಲ. ಉಳಿದವರ ಹಾಸಿಗೆಯಿಂದ ನಾಲ್ಕು ಹೆಜ್ಜೆ ದೂರ ನಿಂತು ಕೇಳುತ್ತೇನೆ: ನಾಯಿ ಹತ್ತಿರ ಬರಬಹುದಾ? ಹೂಂ ಎಂದರೆ ಮಾತ್ರ ಮುಂದಿನ ಹೆಜ್ಜೆ. ಮುಟ್ಟುವ ಮೊದಲು ಅವರು ಕೈಗೆ ಜೆಲ್ ಹಚ್ಚಿಕೊಳ್ಳಬೇಕು, ಮುಟ್ಟಿದ ಮೇಲೂ ಹಚ್ಚಿಕೊಳ್ಳಬೇಕು. ನಾಯಿ ನೆಕ್ಕಬಾರದು. ಒಟ್ಟು ಒಂದು ಗಂಟೆ, ಅದಕ್ಕಿಂತ ಹೆಚ್ಚಿಲ್ಲ. ಮನೆಗೆ ಬಂದರೆ ಚುಕ್ಕಿ ಸಂಜೆವರೆಗೂ ಎದ್ದೇಳುವುದಿಲ್ಲ. ಸುಮ್ಮನೆ ತಲೆ ಸವರಿಸಿಕೊಳ್ಳುವುದರಲ್ಲಿ ಅದೆಂಥ ದಣಿವು ಎಂದು ನನಗೂ ಮೊದಲು ಅನಿಸಿತ್ತು. ಒಂದು ಗಂಟೆ ಹತ್ತು ಜನ ಅಪರಿಚಿತರ ವಾಸನೆ, ನೋವು, ಮಾತ್ರೆ, ಮಷಿನ್ನಿನ ಬೀಪ್ ಸದ್ದು, ಇಷ್ಟರ ನಡುವೆ ಅಲ್ಲಾಡದೆ ನಿಲ್ಲುವುದು ನಾಯಿಗೆ ದೊಡ್ಡ ಕೆಲಸವೇ.

ಇದಕ್ಕೆ ಆಯ್ಕೆ ಹೇಗೆ ಅಂತೀರಾ? ತಳಿ ಮುಖ್ಯ ಅಲ್ಲ. ಚುಕ್ಕಿಯದು ಯಾವ ತಳಿ ಎಂದು ನಮಗೇ ಗೊತ್ತಿಲ್ಲ, ಒಂದು ಕಿವಿ ನಿಂತಿದೆ, ಇನ್ನೊಂದು ಬಿದ್ದಿದೆ. ನೋಡುವುದು ಸ್ವಭಾವವನ್ನು. ಪಟ್ಟಿ ಎಳೆಯದೆ ನಡೆಯುತ್ತಾ, ಕಿವಿ, ಬಾಲ, ಪಂಜ ಹಿಡಿದರೆ ಸುಮ್ಮನಿರುತ್ತಾ, ಹಿಂದೆ ಏನಾದರೂ ಧಡಾರನೆ ಬಿದ್ದರೆ ಬೆಚ್ಚಿದರೂ ಬೇಗ ಸುಧಾರಿಸಿಕೊಳ್ಳುತ್ತಾ, ಕೈಯಲ್ಲಿ ಕೊಟ್ಟ ತಿಂಡಿಯನ್ನು ಕಿತ್ತುಕೊಳ್ಳದೆ ಮೆಲ್ಲಗೆ ತೆಗೆದುಕೊಳ್ಳುತ್ತಾ. ಎಲ್ಲದರಲ್ಲೂ ಚುಕ್ಕಿ ಪಾಸು. ಒಂದರಲ್ಲಿ ಸಿಕ್ಕಿಬಿದ್ದಳು. ನಾನು ದೊಡ್ಡ ಹೆಮ್ಮೆಯಿಂದ ಅವಳಿಗೆ ಶೇಕ್‌ಹ್ಯಾಂಡ್ ಕಲಿಸಿದ್ದೆ. ಯಾರು ಬಂದರೂ ಮುಂಗಾಲು ಎತ್ತಿ ಕೊಡುತ್ತಿದ್ದಳು. ಪರೀಕ್ಷೆಗೆ ಬಂದ ಹೆಂಗಸು ನಕ್ಕು, ಇದನ್ನು ಮರೆಸಿಬಿಡಿ ಎಂದರು. ವಯಸ್ಸಾದವರ ಚರ್ಮ ಕಾಗದದಷ್ಟು ತೆಳು. ಉಗುರು ತಾಗಿದರೆ ಹರಿಯುತ್ತದೆ. ಕಲಿಸಿದ್ದು ಎರಡು ದಿನದಲ್ಲಿ, ಮರೆಸಲು ಎರಡು ತಿಂಗಳು ಹಿಡಿಯಿತು.

ಥೆರಪಿ ನಾಯಿಯನ್ನೂ ಕುರುಡರಿಗೆ ದಾರಿ ತೋರುವ ನಾಯಿಯನ್ನೂ ಜನ ಒಂದೇ ಎಂದುಕೊಳ್ಳುತ್ತಾರೆ. ಆ ನಾಯಿ ಒಬ್ಬರಿಗಾಗಿ ದುಡಿಯುತ್ತದೆ. ಅವರ ಜೊತೆ ಅಂಗಡಿ, ಟ್ಯಾಕ್ಸಿ, ಹೋಟೆಲಿಗೆ ಹೋಗುವುದಕ್ಕೆ ಇಲ್ಲಿನ 2010ರ ಸಮಾನತೆ ಕಾಯ್ದೆಯ ಬಲವಿದೆ. ಚುಕ್ಕಿಗೆ ಅಂಥ ಹಕ್ಕು ಯಾವುದೂ ಇಲ್ಲ. ಅವಳು ಮನೆ ನಾಯಿ, ಕರೆದ ಕಡೆ ಮಾತ್ರ ಹೋಗುವ ಅತಿಥಿ. ಪೆಟ್ಸ್ ಆ್ಯಸ್ ಥೆರಪಿ ಎಂಬ ಇಲ್ಲಿನ ಸಂಸ್ಥೆ 1983ರಿಂದ ಇದೇ ಕೆಲಸ ಮಾಡಿಕೊಂಡು ಬಂದಿದೆ. ನಾಯಿ ಜೊತೆಗೆ ಹೋಗುವವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು. ಅವರ ಪಟ್ಟಿಯಲ್ಲಿ ಬೆಕ್ಕುಗಳೂ ಇವೆ. ಬೆಕ್ಕನ್ನು ಒಪ್ಪಿಸುವುದು ಹೇಗೆ ಎಂಬುದು ನನಗೆ ಇವತ್ತಿಗೂ ಒಗಟು.

ಇದೆಲ್ಲ ಯಾರೋ ಕೂತು ಯೋಚಿಸಿ ಕಂಡುಹಿಡಿದದ್ದಲ್ಲ. ಅಮೆರಿಕದ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ಬಳಿಗೆ ಯಾರೊಂದಿಗೂ ಬೆರೆಯದ ಒಬ್ಬ ಹುಡುಗನನ್ನು ಕರೆತಂದರು. ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದರಿಂದ ಲೆವಿನ್ಸನ್ ನಾಯಿ ಜಿಂಗಲ್ಸ್ ಅಲ್ಲೇ ಇತ್ತು. ಅದು ಹುಡುಗನ ಹತ್ತಿರ ಹೋಯಿತು, ಹುಡುಗ ಅದನ್ನು ಅಪ್ಪಿಕೊಂಡ. ಮುಂದಿನ ಸಲವೂ ನಾಯಿಯ ಜೊತೆ ಆಡಬೇಕು ಎಂದ. 1962ರಲ್ಲಿ ಲೆವಿನ್ಸನ್ ಇದನ್ನು ಬರೆದರು. ಅದಕ್ಕೂ ಮೊದಲು ಸಭೆಯಲ್ಲಿ ಹೇಳಿದಾಗ ಕೆಲವರು ನಕ್ಕರಂತೆ, ಫೀಸಿನಲ್ಲಿ ನಾಯಿಗೆಷ್ಟು ಪಾಲು ಎಂದು ಕೇಳಿದರಂತೆ. ನನ್ನ ಚಿಕ್ಕಮ್ಮ ಅಷ್ಟೊಂದು ನಗಲಿಲ್ಲ, ಅದೇ ಪುಣ್ಯ.

ಈಗ ಹೋಲಿಕೆಯ ಮಾತಿಗೆ ಬರುತ್ತೇನೆ. ಚಿಕ್ಕಮ್ಮನ ಪ್ರಶ್ನೆಗೆ ನಗುವಂತಿಲ್ಲ. ಬ್ರಿಟನ್ನಿನಲ್ಲಿ, ಬಾವಲಿಗಳನ್ನು ಬಿಟ್ಟರೆ, ಪ್ರಾಣಿಗಳ ನಡುವಿನ ರೇಬಿಸ್ 1922ರಲ್ಲೇ ಕೊನೆಯಾಯಿತು. ಇಲ್ಲಿ ನಾಯಿ ಕಂಡರೆ ಮಗು ಕೈ ಚಾಚಿ ಓಡುತ್ತದೆ. ಕರ್ನಾಟಕದಲ್ಲಿ ಬೆಳೆದ ನಾವು ನಾಯಿ ಕಂಡರೆ ಮೊದಲು ಕಲ್ಲು ಎಲ್ಲಿದೆ ಎಂದು ನೋಡಿದವರು. ನಾಯಿ ಕಚ್ಚಿದರೆ ಏನಾಗಬಹುದು ಎಂದು ಗೊತ್ತಿದ್ದೇ ಆ ಭಯ. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿ ನಾಯಿಗಳನ್ನು ತೆರವು ಮಾಡಿ ಎಂದಿತು. ಆ ವಾರವೇ ನಾನು ಚುಕ್ಕಿಗೆ ಸ್ಕಾರ್ಫ್ ಕಟ್ಟಿ ಆಸ್ಪತ್ರೆಗೆ ಹೊರಟಿದ್ದೆ. ಅಲ್ಲಿ ಹೊರಗೆ ಹಾಕಿ ಎಂದದ್ದೂ ನಾಯಿಯನ್ನೇ, ಇಲ್ಲಿ ಒಳಗೆ ಬಾ ಎಂದದ್ದೂ ನಾಯಿಯನ್ನೇ. ಎರಡರಲ್ಲೂ ತಪ್ಪೇನಿಲ್ಲ. ಒಂದಕ್ಕೆ ಲಸಿಕೆ, ಪರೀಕ್ಷೆ, ಪಟ್ಟಿ ಹಿಡಿದ ಒಬ್ಬ ಮನುಷ್ಯ ಎಲ್ಲ ಇದೆ. ಇನ್ನೊಂದಕ್ಕೆ ಯಾವುದೂ ಇಲ್ಲ.

ಹಾಗಂತ ಇಲ್ಲಿನದ್ದೆಲ್ಲ ಮೇಲು ಎಂದು ಹೇಳಲು ಹೊರಟಿಲ್ಲ. ಇಲ್ಲಿ ಥೆರಪಿ ನಾಯಿಗೆ ಇಷ್ಟು ಬೇಡಿಕೆ ಯಾಕೆ ಗೊತ್ತಾ? ಹಾಸಿಗೆಯ ಪಕ್ಕದ ಕುರ್ಚಿ ಖಾಲಿ. ವಾರಕ್ಕೊಮ್ಮೆ ಬರುವ ಚುಕ್ಕಿಯೇ ಕೆಲವರಿಗೆ ಆ ವಾರದ ಏಕೈಕ ಅತಿಥಿ. ನನ್ನ ತಂದೆ ಊರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ಒಂದು ರಾತ್ರಿಯೂ ಒಂಟಿಯಾಗಿ ಮಲಗಲಿಲ್ಲ. ಮಂಚದ ಕೆಳಗೆ ಚಾಪೆ ಹಾಸಿಕೊಂಡು ನಮ್ಮಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಿದ್ದೆವು. ಇಲ್ಲಿನವರಿಗೆ ಇದನ್ನು ಹೇಳಿದರೆ ಕಣ್ಣರಳಿಸಿ ಕೇಳುತ್ತಾರೆ.

ಆದರೆ ಆ ಹನ್ನೊಂದು ದಿನದ ಇನ್ನೊಂದು ಮುಖವೂ ನೆನಪಿದೆ. ನೋಡಲು ಬಂದವರೆಲ್ಲ ಕೇಳಿದರು: ಏನಾಯ್ತು, ಯಾವಾಗಿಂದ, ಯಾವ ಡಾಕ್ಟರು, ಇಲ್ಯಾಕೆ ಸೇರಿಸಿದ್ರಿ. ನಮ್ಮ ಪಕ್ಕದ ಮನೆಯವರಿಗೂ ಹೀಗೇ ಆಗಿತ್ತು ಎಂದು ಶುರು ಮಾಡಿ, ಅವರು ತೀರಿಕೊಂಡ ಕತೆಯನ್ನು ಹೇಳಿ ಮುಗಿಸಿದವರೂ ಇದ್ದರು. ಅಪ್ಪ ಕಣ್ಣು ಮುಚ್ಚಿಕೊಂಡರೆ ನಿದ್ದೆ ಬಂದಿದೆ ಎಂದುಕೊಂಡು ಮಾತು ನಮ್ಮ ಕಡೆ ತಿರುಗುತ್ತಿತ್ತು. ಅವರಿಗೆ ನಿದ್ದೆ ಬಂದಿರುತ್ತಿರಲಿಲ್ಲ. ಈಗ ನೋಡಬೇಕಾ ಎಂದು ಅಪ್ಪನನ್ನು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಇಲ್ಲಿ ನಾಯಿಯ ಪಟ್ಟಿ ಹಿಡಿದು ದೂರದಲ್ಲಿ ನಿಂತು ಕೇಳುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ದಿನವೆಲ್ಲ ಸೂಜಿ ಚುಚ್ಚಿಸಿಕೊಂಡು, ಬಿಪಿ ನೋಡಿಸಿಕೊಂಡು, ಹೊರಳಿಸಿದ ಕಡೆ ಹೊರಳಿ ಮಲಗಿದವರಿಗೆ ಯಾವುದಕ್ಕೂ ಬೇಡ ಎನ್ನುವ ಹಾಗಿಲ್ಲ. ನನಗೆ ಬೇಡ ಎನ್ನಬಹುದು. ಒಬ್ಬ ಅಜ್ಜ ಸತತವಾಗಿ ಆರು ವಾರ ಬೇಡ ಎಂದರು. ಏಳನೇ ವಾರವೂ ಬೇಡ ಎಂದರು, ಆದರೆ ಆವತ್ತು ಅಲ್ಲಿಂದಲೇ ನಾಯಿಯ ಹೆಸರು ಕೇಳಿದರು. ಅಷ್ಟೇ. ಆಮೇಲೆ ಅವರನ್ನು ಮನೆಗೆ ಕಳಿಸಿದರು. ಚುಕ್ಕಿಯನ್ನು ಅವರು ಮುಟ್ಟಲೇ ಇಲ್ಲ.

ಇದೇ ಹಕ್ಕು ನಾಯಿಗೂ ಇದೆ. ಇದು ನನ್ನ ತಲೆಗೆ ಹೋಗಲು ತಡವಾಯಿತು. ನಿದ್ದೆ ಇಲ್ಲದೆ ಆಕಳಿಸುವುದು, ಎದುರಿಗೆ ತಿಂಡಿ ಇಲ್ಲದೆ ತುಟಿ ನೆಕ್ಕಿಕೊಳ್ಳುವುದು, ಮುಖ ಆ ಕಡೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಒದ್ದೆಯಾಗದಿದ್ದರೂ ಮೈ ಕೊಡವಿಕೊಳ್ಳುವುದು. ಇವೆಲ್ಲ ನಾಯಿ ಭಾಷೆಯಲ್ಲಿ ಸಾಕು ಎನ್ನುವ ಮಾತು. ಇದನ್ನು ಓದದೆ ಮುಂದುವರಿಸಿದರೆ ಮುಂದಿನ ಮಾತು ಗುರ್ ಎಂದು ಬರುತ್ತದೆ. ಆಮೇಲೆ ತಪ್ಪು ನಾಯಿಯದ್ದು ಎನ್ನುತ್ತೇವೆ. ಮೊದಲ ತಿಂಗಳು ಒಂದು ಹಾಸಿಗೆಯ ಹತ್ತಿರ ಚುಕ್ಕಿ ಮೂರು ಸಲ ಆಕಳಿಸಿದಳು. ಪಾಪ, ಅವಳಿಗೂ ಬೋರಾಗಿದೆ ಎಂದು ನಾನು ತಮಾಷೆ ಮಾಡಿದೆ. ಪಟ್ಟಿ ಎಳೆದು ಅಲ್ಲೇ ನಿಲ್ಲಿಸಿದೆ. ನಾಲ್ಕು ಜನರ ಮುಂದೆ ಮಗುವನ್ನು ಪದ್ಯ ಹೇಳು ಎಂದು ನಿಲ್ಲಿಸುವ ಅಪ್ಪನ ಹಾಗೆ. ನನ್ನ ಜೊತೆಗಿದ್ದ ಹಳಬರು ಹೊರಗೆ ಬಂದ ಮೇಲೆ ಮೆಲ್ಲಗೆ ಹೇಳಿದರು, ಅವಳು ಮೂರು ಸಲ ಹೇಳಿದಳು, ನೀವು ಕೇಳಲಿಲ್ಲ.

ಶಾಲೆಗಳಿಗೂ ಈ ನಾಯಿಗಳು ಹೋಗುತ್ತವೆ. ಮಕ್ಕಳು ನಾಯಿಗೆ ಪುಸ್ತಕ ಓದಿ ಹೇಳುತ್ತಾರೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 1999ರಲ್ಲಿ ಶುರುವಾದ ಪದ್ಧತಿ ಇದು. ತೊದಲಿದರೆ ನಾಯಿ ತಿದ್ದುವುದಿಲ್ಲ, ಹಿಂದಿನ ಬೆಂಚಿನವರು ನಗುವುದಿಲ್ಲ. ನಮ್ಮ ಕಾಲದಲ್ಲಿ ಇಂಥದ್ದೊಂದು ಇದ್ದಿದ್ದರೆ ನಾನು ಇಂಗ್ಲಿಷ್ ಪಾಠ ಓದುವ ಸರದಿ ಬಂದಾಗ ಹೊಟ್ಟೆನೋವು ಎಂದು ಸುಳ್ಳು ಹೇಳಬೇಕಾಗಿರಲಿಲ್ಲ.

ಇಲ್ಲಿನವರ ಅತಿಯೂ ಒಂದಿದೆ. ನಾಯಿ ಬಂತು, ಮಾತು ಬಿಟ್ಟವರು ಮಾತಾಡಿದರು, ಎದ್ದು ನಡೆದರು ಎಂಬ ಪವಾಡದ ಕತೆಗಳು ಪತ್ರಿಕೆಯಲ್ಲಿ ಬರುತ್ತಲೇ ಇರುತ್ತವೆ. ನಾನು ಎರಡು ವರ್ಷದಲ್ಲಿ ಒಂದು ಪವಾಡವನ್ನೂ ನೋಡಿಲ್ಲ. ನಾಯಿಯನ್ನು ಸವರಿದ ಮೇಲೆ ಆತಂಕ ಸ್ವಲ್ಪ ಇಳಿಯುತ್ತದೆ, ಮನಸ್ಸು ಹಗುರಾಗುತ್ತದೆ ಎಂದು ಹೇಳುವ ಅಧ್ಯಯನಗಳಿವೆ. ಅವುಗಳಲ್ಲಿ ಬಹಳಷ್ಟು ಸಣ್ಣವು, ಪರಿಣಾಮವೂ ಆ ಹೊತ್ತಿನದ್ದು. ಆ ಹೊತ್ತು ಸಾಕು ಎನ್ನುವುದು ನನ್ನ ಅಭಿಪ್ರಾಯ. ನೋವಿರುವವರಿಗೆ ಹತ್ತು ನಿಮಿಷ ಸಣ್ಣದೇನಲ್ಲ. ಅದನ್ನು ಔಷಧಿ ಎಂದು ಮಾರಬಾರದು, ಅಷ್ಟೇ.

ಕರ್ನಾಟಕದಲ್ಲಿ ಇದು ನಡೆಯುತ್ತದಾ ಎಂದು ಗೆಳೆಯರು ಕೇಳುತ್ತಾರೆ. ನಡೆಯುತ್ತದೆ. ನಾಯಿಗೇನೂ ಬರವಿಲ್ಲ. ಇದಕ್ಕೆ ಗೋಲ್ಡನ್ ರಿಟ್ರೀವರೇ ಬೇಕು ಎನ್ನುವವರ ಮಾತು ಕೇಳಬೇಡಿ. ಬೀದಿಯಿಂದ ಬಂದು ಮನೆ ಸೇರಿದ, ಜನರ ಸದ್ದುಗದ್ದಲಕ್ಕೆ ಹೊಂದಿಕೊಂಡ ನಮ್ಮ ಕಂದು ನಾಯಿಗಳಲ್ಲೇ ಈ ಸ್ವಭಾವದವು ಇವೆ. ಲಸಿಕೆ, ಸ್ನಾನ, ಜೆಲ್, ಪರೀಕ್ಷೆ, ಇವನ್ನೂ ನಾಳೆಯೇ ಕಲಿಯಬಹುದು. ನನಗೆ ಅನುಮಾನ ಇರುವುದು ಬೇರೆ ಕಡೆ. ನಾಯಿ ಬಂದಿದೆ ಎಂದ ಕೂಡಲೇ ವಾರ್ಡಿನ ಅರ್ಧ ಜನ ಮೊಬೈಲ್ ಎತ್ತುತ್ತಾರೆ. ಮುಟ್ಟು ಮುಟ್ಟು, ಏನೂ ಮಾಡಲ್ಲ ಎಂದು ಹೆದರಿದ ಮಗುವಿನ ಕೈ ಹಿಡಿದು ಎಳೆಯುತ್ತಾರೆ. ಪ್ರೀತಿಯಿಂದಲೇ ಎಳೆಯುತ್ತಾರೆ. ನಾನೂ ಹಾಗೆಯೇ ಎಳೆದವನು. ನಾಯಿಗಿಂತ ಮೊದಲು ಆ ದೂರದ ನಾಲ್ಕು ಹೆಜ್ಜೆ ಅಲ್ಲಿಗೆ ಹೋಗಬೇಕು.

ಹೋದ ಬುಧವಾರ ಮೈ ತೊಳೆದಾಗಿತ್ತು, ಉಗುರು ನೋಡಿಯಾಗಿತ್ತು. ಡ್ರಾಯರ್ ಎಳೆದು ಸ್ಕಾರ್ಫ್ ತೆಗೆದೆ. ಚುಕ್ಕಿ ಬರಲಿಲ್ಲ. ಟೇಬಲ್ ಕೆಳಗೆ ಹೋಗಿ ಕಾಲ ಮೇಲೆ ಮುಖ ಇಟ್ಟು ಮಲಗಿದಳು. ಕರೆದೆ. ಬಾಲದ ತುದಿ ಒಂದು ಸಲ ಅಲ್ಲಾಡಿತು, ಅಷ್ಟೇ. ಎರಡು ಗಂಟೆಗೆ ಬರುತ್ತೇವೆ ಎಂದು ಒಪ್ಪಿಕೊಂಡಾಗಿದೆ, ಅವರು ಕಾಯುತ್ತಿರುತ್ತಾರೆ, ಹೋಗದಿದ್ದರೆ ಏನೆಂದುಕೊಳ್ಳುತ್ತಾರೋ. ಹತ್ತು ನಿಮಿಷ ಸ್ಕಾರ್ಫ್ ಹಿಡಿದುಕೊಂಡು ಹಾಗೇ ಕೂತಿದ್ದೆ. ಆಮೇಲೆ ವಾರ್ಡಿಗೆ ಫೋನ್ ಮಾಡಿ, ಅವಳಿಗೆ ಇವತ್ತು ಮನಸ್ಸಿಲ್ಲ ಎಂದೆ. ಸರಿ, ಮುಂದಿನ ವಾರ ನೋಡೋಣ ಎಂದರು ನರ್ಸ್. ಯಾಕೆ ಎಂದು ಕೇಳಲೇ ಇಲ್ಲ. ಸ್ಕಾರ್ಫ್ ಮಡಚಿ ಡ್ರಾಯರಿಗೆ ಹಾಕಿದೆ.