ಸತ್ಯಾಂಶ: ಸ್ಪೀಡ್ ಕೋರ್ಸ್ ಕೇಳಿ ಪಡೆಯುವ ಹಕ್ಕಲ್ಲ

ಬ್ರಿಟನ್ನಿನಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಮಾತು ಇದು: "ವೇಗ ಮೀರಿ ಸಿಕ್ಕಿಬಿದ್ದರೆ ಹೆದರಬೇಡಿ, ಕೋರ್ಸ್ ಕೇಳಿ, ಪಾಯಿಂಟ್ ಬೀಳಲ್ಲ. ಎಷ್ಟು ಸಲ ಬೇಕಾದರೂ ಮಾಡಬಹುದು." ಅರ್ಧ ಮಾತ್ರ ನಿಜ. ಇಲ್ಲಿ ಕೋರ್ಸ್ ಅಂದರೆ ದಂಡ, ಪಾಯಿಂಟ್‌ಗಳ ಬದಲಿಗೆ ಹಾಜರಾಗುವ, ವೇಗದ ಅಪಾಯಗಳನ್ನು ತಿಳಿಸುವ ತರಗತಿ; ಪಾಯಿಂಟ್ ಅಂದರೆ ತಪ್ಪಿಗಾಗಿ ಲೈಸೆನ್ಸ್ ಮೇಲೆ ಬೀಳುವ ದಂಡದ ಅಂಕ.

ಕೋರ್ಸ್ ಮುಗಿಸಿದರೆ ಆ ತಪ್ಪಿಗೆ ಪಾಯಿಂಟ್ ಇಲ್ಲ, ಸರಿ. ಆದರೆ ಅದನ್ನು ಕೊಡುವುದು, ಬಿಡುವುದು ಪೊಲೀಸರಿಗೆ ಬಿಟ್ಟದ್ದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 30 ಮೈಲಿ ಮಿತಿಯ ರಸ್ತೆಯಲ್ಲಿ ಸಾಮಾನ್ಯವಾಗಿ 35ರಿಂದ 42 ಮೈಲಿ ವೇಗದಲ್ಲಿ ಸಿಕ್ಕವರಿಗಷ್ಟೇ ಈ ಅವಕಾಶ. ಅದಕ್ಕಿಂತ ಜೋರಾಗಿ ಓಡಿಸಿದವರಿಗೆ ದಂಡ, ಪಾಯಿಂಟ್; ತೀರಾ ಮಿತಿಮೀರಿದರೆ ಕೋರ್ಟು. ಹಿಂದಿನ ಮೂರು ವರ್ಷದೊಳಗೆ ಇಂಥದ್ದೇ ತಪ್ಪಿಗೆ ಕೋರ್ಸ್ ಮಾಡಿದ್ದರೆ ಮತ್ತೆ ಸಿಗದು. ಶುಲ್ಕವೂ ನಿಮ್ಮದೇ.

ಕನಿಷ್ಠ ದಂಡ 100 ಪೌಂಡ್, ಜೊತೆಗೆ 3 ಪಾಯಿಂಟ್. ಮೂರು ವರ್ಷದೊಳಗೆ 12 ಪಾಯಿಂಟ್ ಆದರೆ ಚಾಲನೆಗೆ ನಿಷೇಧ ಬೀಳಬಹುದು. ಅಲ್ಲಿ ಹೊಸದಾಗಿ ಲೈಸೆನ್ಸ್ ಪಡೆದವರು ಹೆಚ್ಚು ಎಚ್ಚರ ವಹಿಸಬೇಕು: ಮೊದಲ ಎರಡು ವರ್ಷದಲ್ಲಿ 6 ಪಾಯಿಂಟ್ ಬಿದ್ದರೆ ಲೈಸೆನ್ಸೇ ರದ್ದು, ಥಿಯರಿ ಮತ್ತು ಪ್ರಾಕ್ಟಿಕಲ್ ಪರೀಕ್ಷೆ ಎರಡನ್ನೂ ಮತ್ತೆ ಬರೆದು, ಓಡಿಸಿ ಪಾಸಾಗಬೇಕು. ಓದಲು, ಕೆಲಸಕ್ಕೆ ಅಂತ ಹೋದ ನಮ್ಮ ಹುಡುಗರಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕು.

ಇನ್ಶೂರೆನ್ಸ್ ವಿಷಯ: ಕೋರ್ಸ್ ಅಪರಾಧ ಸಾಬೀತಾದಂತೆ ಅಲ್ಲ. ಆದರೂ ಕಂಪನಿ ನೇರವಾಗಿ ಕೇಳಿದರೆ ನಿಜ ಹೇಳಲೇಬೇಕು. ಪೊಲೀಸರ ನೋಟಿಸಿನಲ್ಲಿ ಗಾಡಿ ಓಡಿಸಿದ್ದು ಯಾರೆಂದು ಕೇಳಿರುತ್ತಾರೆ. 28 ದಿನದೊಳಗೆ ಉತ್ತರಿಸಿ. ಸುಮ್ಮನಿದ್ದರೆ ಅದೇ ಬೇರೆ ಅಪರಾಧ, ಅದಕ್ಕೆ 6 ಪಾಯಿಂಟ್.