ಸ್ಪೀಕರ್ ಕೊಳ್ಳುವ ಮೊದಲು ಒಂದು ಸಲ ಬಾಗಿಲು ಬಿಚ್ಚಿ ನೋಡಿ

ಅಪ್ಪನ ಕಾರಿಗೆ ಈಗ ಹದಿನೇಳು ವರ್ಷ. ಇಂಜಿನ್ ಗಟ್ಟಿಯಾಗಿದೆ, ಗೇರು ಮೆತ್ತಗೆ ಬೀಳುತ್ತದೆ. ಆದರೆ ಅದರಲ್ಲಿ ಎರಡು ವರ್ಷದಿಂದ ಹಾಡು ಕೇಳುವ ಹಾಗಿರಲಿಲ್ಲ. "ಹಾಡೋರಿಗೆ ಗಂಟಲು ಕಟ್ಟಿದ ಹಾಗಿದೆ ನೋಡೋ" ಅಂತ ಅಪ್ಪ ಒಂದೆರಡು ಸಲ ಹೇಳಿದರು. ಆಮೇಲೆ ಹಾಡು ಹಾಕುವುದನ್ನೇ ಬಿಟ್ಟರು. ನನಗೆ ಅದು ತುಂಬ ಚುಚ್ಚುತ್ತಿತ್ತು. ಯಾಕೆಂದರೆ ಆ ಕಾರಿಗೆ ಹೊಸ ಸ್ಪೀಕರ್ ಹಾಕಿಸಿಕೊಟ್ಟವನು ನಾನೇ.

ಕಂಪನಿ ಸ್ಪೀಕರ್‌ಗಳು ಪರಪರ ಅನ್ನಲು ಶುರುವಾದಾಗ ಒಂದು ಅಂಗಡಿಗೆ ಕೊಂಡೊಯ್ದೆ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ 300 ವಾಟ್ ಅಂತ ಬರೆದಿದ್ದ ಜೋಡಿಯನ್ನು ತೋರಿಸಿದರು, ಒಂದು ಗಂಟೆಯೊಳಗೆ ಕೂರಿಸಿಯೂ ಕೊಟ್ಟರು. ಅಂಗಡಿಯ ಮುಂದೆ ನಿಂತಾಗ ಜೋರಾಗಿಯೇ ಕೇಳಿಸಿತು. ರಸ್ತೆಗೆ ಇಳಿದ ಮೇಲೆ ಗೊತ್ತಾಗಿದ್ದು, ಹಾಡಿನಲ್ಲಿ ತಳವೇ ಇಲ್ಲ ಅಂತ. ಹಳೆ ಸ್ಪೀಕರ್ ಚೆನ್ನಾಗಿದ್ದ ಕಾಲದಲ್ಲಿ ಇದ್ದಷ್ಟು ಬಾಸ್ ಕೂಡ ಇಲ್ಲ. ಮೊದಲ ಮಳೆಗಾಲದಲ್ಲಿ ಚಾಲಕನ ಕಾಲಡಿಯ ಮ್ಯಾಟ್ ಒದ್ದೆಯಾಗತೊಡಗಿತು. ಇವೆರಡಕ್ಕೂ ಸಂಬಂಧ ಇದೆ ಅಂತ ನನಗೆ ಹೊಳೆದಿದ್ದು ಹೋದ ತಿಂಗಳು, ನಾನೇ ಕೂತು ಬಾಗಿಲು ಬಿಚ್ಚಿದಾಗ.

ಒಳಗೆ ಕಂಡಿದ್ದನ್ನು ಹೇಳುತ್ತೇನೆ. ಬಾಗಿಲಿನ ಒಳಮೈ ಮುಚ್ಚುವ ಡೋರ್ ಪ್ಯಾಡ್ ಹಿಂದೆ ಇರಬೇಕಾದ ಪ್ಲಾಸ್ಟಿಕ್ ಹಾಳೆ ಅರ್ಧ ಹರಿದು, ಮಡಚಿಕೊಂಡು ತಳದಲ್ಲಿ ಬಿದ್ದಿತ್ತು. ಕಂಪನಿಯ ಕಪ್ಲರ್ (ವೈರ್ ಸೇರಿಸುವ ಪ್ಲಗ್) ಕತ್ತರಿಸಿ, ವೈರ್‌ಗಳನ್ನು ಕೈಯಲ್ಲಿ ತಿರುಚಿ ಟೇಪ್ ಸುತ್ತಿದ್ದರು. ಆ ಟೇಪ್ ಬಿಸಿಲಿಗೆ ಕರಗಿ ಜಾರಿ ಹೋಗಿತ್ತು. ಸ್ಪೀಕರ್ ಕೂರಿಸಲು ಕೊಟ್ಟಿದ್ದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬಳೆ ನೀರು ಕುಡಿದು ಉಬ್ಬಿ, ಸ್ಕ್ರೂ ಸಡಿಲವಾಗಿ, ಇಡೀ ಸ್ಪೀಕರ್ ಬೆರಳಲ್ಲಿ ಒತ್ತಿದರೆ ಅಲುಗಾಡುತ್ತಿತ್ತು. ಎಲ್ಲಕ್ಕಿಂತ ಹೊಟ್ಟೆ ಉರಿದಿದ್ದು ಎಡಗಡೆಯ ಸ್ಪೀಕರ್‌ಗೆ ಪ್ಲಸ್ ಮೈನಸ್ ತಿರುವುಮುರುವಾಗಿ ಕೊಟ್ಟಿದ್ದನ್ನು ನೋಡಿ. ಎರಡು ವರ್ಷ ಬಲಗಡೆಯ ಕೋನ್ (ನಡುಗಿ ಸದ್ದು ಹುಟ್ಟಿಸುವ ಬಟ್ಟಲು) ಮುಂದಕ್ಕೆ ತಳ್ಳುವಾಗ ಎಡಗಡೆಯದು ಹಿಂದಕ್ಕೆ ಎಳೆಯುತ್ತಿತ್ತು. ಒಂದು ಹುಟ್ಟಿಸಿದ ಬಾಸ್ ಅನ್ನು ಇನ್ನೊಂದು ಅಳಿಸುತ್ತಿತ್ತು. ಅಪ್ಪನಿಗೆ ಕೇಳಿಸಿದ ಆ ಕಟ್ಟಿದ ಗಂಟಲಿಗೆ ಇದೊಂದೇ ಸಾಕಿತ್ತು.

ಸ್ಪೀಕರ್ ಕೊಳ್ಳುವವರೆಲ್ಲ ಸ್ಪೀಕರ್ ಬಗ್ಗೆಯೇ ಯೋಚಿಸುತ್ತಾರೆ, ನಾನೂ ಹಾಗೇ ಮಾಡಿದ್ದೆ. ಕಾರಿನಲ್ಲಿ ಹಾಡುವುದು ಸ್ಪೀಕರ್ ಮತ್ತು ಬಾಗಿಲು ಎರಡೂ ಸೇರಿ. ಮನೆಯಲ್ಲಿ ಸ್ಪೀಕರ್‌ಗೆ ಒಂದು ಮರದ ಪೆಟ್ಟಿಗೆ ಇರುತ್ತದಲ್ಲ, ಕಾರಿನಲ್ಲಿ ಆ ಪೆಟ್ಟಿಗೆಯ ಜಾಗದಲ್ಲಿರುವುದು ತೆಳು ತಗಡಿನ, ಹತ್ತಾರು ತೂತುಗಳ, ಒಳಗೆ ಗಾಜು ಓಡಾಡುವ ಬಾಗಿಲು. ಅದನ್ನು ಹಾಗೇ ಬಿಟ್ಟು ಎಂಥ ಸ್ಪೀಕರ್ ತಂದು ಸಿಕ್ಕಿಸಿದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಯಾಕೆ ಅಂದರೆ, ಕೋನ್ ಮುಂದಕ್ಕೆ ಬಂದಾಗ ಮುಂದಿನ ಗಾಳಿಯನ್ನು ಒತ್ತುತ್ತದೆ, ಅದೇ ಕ್ಷಣದಲ್ಲಿ ಹಿಂದಿನ ಗಾಳಿಯನ್ನು ತೆಳುಮಾಡುತ್ತದೆ. ಮುಂದಿನ ಅಲೆಗೂ ಹಿಂದಿನ ಅಲೆಗೂ ನೇರ ವಿರೋಧ. ಅವೆರಡು ಒಂದನ್ನೊಂದು ಸೇರಿದರೆ ಸದ್ದು ಅಳಿದುಹೋಗುತ್ತದೆ. 100 ಹರ್ಟ್ಸ್‌ನ (ಸೆಕೆಂಡಿಗೆ ನೂರು ಕಂಪನದ) ಬಾಸ್ ಅಲೆಯ ಉದ್ದ ಸುಮಾರು 3.4 ಮೀಟರ್, ಅಂದರೆ ಬಾಗಿಲಿಗಿಂತಲೂ ದೊಡ್ಡದು. ಅಂಥ ಅಲೆ ಬಾಗಿಲಿನ ತೂತುಗಳಿಂದ ಸಲೀಸಾಗಿ ಸುತ್ತಿ ಬಂದು ಮುಂದಿನದನ್ನು ನುಂಗುತ್ತದೆ. 5000 ಹರ್ಟ್ಸ್‌ನ ಅಲೆ ಏಳು ಸೆಂಟಿಮೀಟರ್ ಕೂಡ ಇಲ್ಲ, ಅದು ಹಾಗೆ ಸುತ್ತಿಕೊಂಡು ಬರುವುದಿಲ್ಲ. ಆದ್ದರಿಂದಲೇ ತೂತು ತೆರೆದಿರುವ ಬಾಗಿಲಿನಲ್ಲಿ ಕೊಳಲು, ತಾಳ, ಚಿಳಿಚಿಳಿ ಎಲ್ಲ ಕೇಳುತ್ತದೆ, ತಳ ಮಾತ್ರ ಮಾಯ. ಜನ ಇದಕ್ಕೆ ಬಾಸ್ ಬಟನ್ ಏರಿಸುತ್ತಾರೆ. ಏರಿಸಿದಷ್ಟೂ ಹಿಂದಿನ ಅಲೆಯೂ ಏರುತ್ತದೆ, ಅಳಿಸುವುದೂ ಅಷ್ಟೇ ಜೋರಾಗುತ್ತದೆ. ಜೊತೆಗೆ ತಗಡು ನಡುಗಲು ಶುರು.

ನಾನು ಮಾಡಿದ್ದು ಇಷ್ಟು. ಒಳತಗಡಿನ ದೊಡ್ಡ ತೂತುಗಳನ್ನು ಬ್ಯೂಟೈಲ್ ಅನ್ನುವ ಅಂಟು ರಬ್ಬರಿನ, ನಡುಕ ತಡೆಯುವ ಡ್ಯಾಂಪಿಂಗ್ ಶೀಟ್‌ನಿಂದ ಮುಚ್ಚಿದೆ. ತೀರಾ ದೊಡ್ಡ ತೂತಿಗೆ ಮೊದಲು ತೆಳು ಅಲ್ಯೂಮಿನಿಯಂ ತಗಡು ಕತ್ತರಿಸಿ ಕೂರಿಸಿ, ಅದರ ಮೇಲೆ ಶೀಟ್ ಅಂಟಿಸಿದೆ. ಸ್ಪೀಕರ್ ಹಿಂದೆ ಹೊರತಗಡಿನ ಒಳಮೈಗೆ ಒಂದು ದೊಡ್ಡ ತುಂಡು ಹಾಕಿ ಚಿಕ್ಕ ರೋಲರ್‌ನಿಂದ ಗಟ್ಟಿಯಾಗಿ ಒತ್ತಿದೆ. ಈ ಶೀಟ್‌ನಲ್ಲಿ ಅಂಟಂಟಾದ ಬ್ಯೂಟೈಲ್ ಒಂದು ಪದರ, ಮೇಲೆ ಅಲ್ಯೂಮಿನಿಯಂ ಹಾಳೆ ಇನ್ನೊಂದು ಪದರ. ತಗಡು ನಡುಗಲು ಹೊರಟಾಗ ನಡುವಿನ ಬ್ಯೂಟೈಲ್ ಎಳೆದಾಡಿ ಆ ನಡುಕವನ್ನು ಬಿಸಿಯಾಗಿ ಕಳೆಯುತ್ತದೆ. ನಡುಕ ತಡೆಯಲು ತಗಡನ್ನು ಪೂರ್ತಿ ಮುಚ್ಚಬೇಕಿಲ್ಲ, ಕಾಲು ಭಾಗ ಮುಚ್ಚಿದರೂ ವ್ಯತ್ಯಾಸ ಕೈಬೆರಳಿಗೇ ಗೊತ್ತಾಗುತ್ತದೆ. ಬೆರಳಿನಿಂದ ತಟ್ಟಿದಾಗ ಮೊದಲು ಟಣ್ ಅನ್ನುತ್ತಿದ್ದ ತಗಡು ಈಗ ದಬ್ ಅನ್ನುತ್ತದೆ. ಅಂಟಿಸುವ ಮೊದಲು ಧೂಳು, ಎಣ್ಣೆ ಜಿಡ್ಡನ್ನು ಸ್ಪಿರಿಟ್‌ನಲ್ಲಿ ಒರೆಸಲೇಬೇಕು, ಇಲ್ಲವಾದರೆ ಬಿಸಿಲು ಬಿದ್ದ ದಿನ ಶೀಟ್ ಕಳಚಿ ಗಾಜಿನ ಮೇಲೆ ಬೀಳುತ್ತದೆ.

ಬಾಗಿಲಿನ ತಳದ ಅಂಚಿನಲ್ಲಿ ಚಿಕ್ಕ ತೂತುಗಳಿರುತ್ತವೆ. ದಯವಿಟ್ಟು ಅವನ್ನು ಮುಚ್ಚಬೇಡಿ. ಗಾಜಿನ ಪಕ್ಕದ ರಬ್ಬರ್ ಎಷ್ಟೇ ಹೊಸದಾಗಿದ್ದರೂ ಮಳೆನೀರು ಬಾಗಿಲಿನ ಒಳಗೆ ಇಳಿದೇ ಇಳಿಯುತ್ತದೆ. ಬಾಗಿಲನ್ನು ಮಾಡಿರುವುದೇ ಹಾಗೆ, ನೀರು ಒಳಗೆ ಬಂದು ತಳದ ತೂತಿನಿಂದ ಹೊರಗೆ ಹೋಗಬೇಕು. ಆ ಪ್ಲಾಸ್ಟಿಕ್ ಹಾಳೆಯ ಕೆಲಸವೂ ಇದೇ, ಒಳಗಿಳಿದ ನೀರು ಡೋರ್ ಪ್ಯಾಡ್ ಕಡೆಗೆ, ಅಲ್ಲಿಂದ ಕಾಲಡಿಗೆ ಬಾರದ ಹಾಗೆ ತಡೆಯುವುದು. ನೋಡಲು ಕಸದ ಹಾಗಿರುತ್ತದೆ, ಆದ್ದರಿಂದ ಕೆಲಸಕ್ಕೆ ಅವಸರ ಮಾಡುವವರು ಮೊದಲು ಕಿತ್ತೆಸೆಯುವುದು ಅದನ್ನೇ. ನಮ್ಮ ಮ್ಯಾಟ್ ಒದ್ದೆಯಾಗಿದ್ದು ಆ ಒಂದು ಹಾಳೆ ಹೋಗಿದ್ದರಿಂದ. ನಾನು ದಪ್ಪ ಪ್ಲಾಸ್ಟಿಕ್ ತಂದು, ಹಳೆಯದರ ಅಳತೆಗೇ ಕತ್ತರಿಸಿ, ಬ್ಯೂಟೈಲ್ ಹಗ್ಗದಿಂದ ಸುತ್ತಲೂ ಅಂಟಿಸಿ, ಕೆಳ ಅಂಚನ್ನು ಬಾಗಿಲಿನ ಒಳಕ್ಕೆ ಸೇರಿಸಿದೆ. ಇಡೀ ಕೆಲಸದಲ್ಲಿ ನನಗೆ ಹೆಚ್ಚು ನೆಮ್ಮದಿ ಕೊಟ್ಟ ಭಾಗ ಇದು.

ಇನ್ನು ವಾಟ್ ವಿಷಯ. ಇದರಲ್ಲಿ ನನಗೆ ನಿಜವಾಗಿ ಸಿಟ್ಟಿದೆ. ಡಬ್ಬದ ಮೇಲಿನ ದೊಡ್ಡ ಅಂಕಿ ಕ್ಷಣಮಾತ್ರ ತಡೆದುಕೊಳ್ಳುವ ಗರಿಷ್ಠ, ಅದು ಸದ್ದಿನ ಅಳತೆ ಅಲ್ಲ. ಹೊರಗಿನ ಆಂಪ್ಲಿಫೈಯರ್ ಇಲ್ಲದ ಮಾಮೂಲಿ ಸ್ಟೀರಿಯೊದ ಮೇಲೆ "50×4" (ನಾಲ್ಕು ಸ್ಪೀಕರಿಗೆ ತಲಾ 50 ವಾಟ್) ಅಂತ ಇದ್ದರೂ ಲೆಕ್ಕ ಹಾಕಿ ನೋಡಿ. ಇಂಜಿನ್ ಓಡುವಾಗ ಸಿಗುವುದು ಸುಮಾರು 14.4 ವೋಲ್ಟ್. ಅದರಿಂದ 4 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ)‌ನ ಸ್ಪೀಕರ್‌ಗೆ ಸದ್ದು ಒಡೆಯದೆ ಕೊಡಬಹುದಾದ ಶಕ್ತಿ, ಏನೂ ನಷ್ಟವಿಲ್ಲ ಅಂದುಕೊಂಡರೂ, 26 ವಾಟ್ ದಾಟುವುದಿಲ್ಲ. ನಿಜದಲ್ಲಿ ಇಪ್ಪತ್ತರ ಆಸುಪಾಸು. ಇಂಥ ಸ್ಟೀರಿಯೊಗೆ 300 ವಾಟ್ ತಡೆಯುವ ಸ್ಪೀಕರ್ ಯಾಕೆ? ನೋಡಬೇಕಾದ ಅಂಕಿ ಬೇರೆ, ಅದು ಸೆನ್ಸಿಟಿವಿಟಿ. 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಅಂತ ಹೇಳುವುದು ಅದು. 3 ಡೆಸಿಬೆಲ್ ಹೆಚ್ಚಿದ್ದರೆ ಅರ್ಧ ಶಕ್ತಿಯಲ್ಲೇ ಅಷ್ಟೇ ಸದ್ದು. 90 ಡೆಸಿಬೆಲ್ ಇರುವ ಸಾದಾ ಸ್ಪೀಕರ್ 20 ವಾಟ್‌ನಲ್ಲಿ ಮಾಡುವ ಕೆಲಸಕ್ಕೆ 87 ಡೆಸಿಬೆಲ್ ಇರುವ ಭಾರಿ ಸ್ಪೀಕರ್‌ಗೆ 40 ಬೇಕು. ಅಷ್ಟು ಕೊಡಲು ಸ್ಟೀರಿಯೊದಲ್ಲಿ ಇಲ್ಲ, ಅದಕ್ಕೇ ವಾಲ್ಯೂಮ್ ಏರಿಸುತ್ತೇವೆ, ಸದ್ದು ಒಡೆಯುತ್ತದೆ, ಸ್ಪೀಕರ್ ಚೆನ್ನಾಗಿಲ್ಲ ಅನ್ನುತ್ತೇವೆ. ಓಮ್ ಕೂಡ ನೋಡಿಕೊಳ್ಳಿ. ಹೆಚ್ಚಿನವು 4 ಓಮ್, ಆದರೆ ಕೆಲವು ವಾಹನಗಳಿಗೆ ಕಂಪನಿಯಿಂದಲೇ 2 ಓಮ್ ಬಂದಿರುತ್ತದೆ.

ಕಂಪನಿ ಸ್ಪೀಕರ್ ಅಂದಾಕ್ಷಣ ಮೂಗು ಮುರಿಯುವವರ ಮಾತು ನಾನು ಪೂರ್ತಿ ಒಪ್ಪುವುದಿಲ್ಲ. ಚಿಕ್ಕ ಮ್ಯಾಗ್ನೆಟ್, ಕಾಗದದ ಕೋನ್, ನಿಜ. ಆದರೆ ಕಾಗದ ಕೆಟ್ಟ ವಸ್ತುವಲ್ಲ. ಹಗುರ, ಬಿಗಿ, ಕಡಿಮೆ ಶಕ್ತಿಗೂ ಒಲಿಯುತ್ತದೆ. ಅಮೆರಿಕದ ಇಂಜಿನಿಯರುಗಳಾದ ರೈಸ್ ಮತ್ತು ಕೆಲಾಗ್ 1925ರಲ್ಲಿ ಜಗತ್ತಿನ ಮುಂದಿಟ್ಟ ಕಾಯಿಲ್ (ತಂತಿ ಸುರುಳಿ), ಮ್ಯಾಗ್ನೆಟ್, ಕೋನ್‌ನ ಏರ್ಪಾಟೇ ಇಂದಿಗೂ ಹೊಸದರಲ್ಲೂ ಹಳೆಯದರಲ್ಲೂ ಇರುವುದು. ಹಳೆ ಸ್ಪೀಕರ್ ಸೋಲುವುದು ಹೆಚ್ಚಾಗಿ ಅಂಚಿನಲ್ಲಿ. ಕೋನ್ ಸುತ್ತ ಇರುವ ಫೋಮ್ ತೇವಕ್ಕೂ ಬಿಸಿಲಿಗೂ ವರ್ಷಗಟ್ಟಲೆ ಸಿಕ್ಕಿ ಮುಟ್ಟಿದರೆ ಪುಡಿಯಾಗುತ್ತದೆ. ಅಂಚು ಹೋದ ಮೇಲೆ ಕಾಯಿಲ್ ನಡುವಲ್ಲಿ ನಿಲ್ಲದೆ ಒರೆಸಿಕೊಳ್ಳುತ್ತದೆ, ಆ ಪರಪರ ಅದೇ. ಫೋಮ್ ಅಂಚು ಮಾತ್ರ ಬದಲಿಸಲೂ ಬರುತ್ತದೆ. ನನ್ನ ಹಳೆ ಜೋಡಿಯನ್ನು ಅಂದೇ ಅಂಗಡಿಯಲ್ಲಿ ಬಿಟ್ಟು ಬಂದೆ, ಈಗ ಇರಬೇಕಿತ್ತು ಅನ್ನಿಸುತ್ತದೆ. ಹೊಸದು ಕೊಳ್ಳುವಾಗ ರಬ್ಬರ್ ಅಂಚಿನದು ನೋಡಿ, ಬಾಗಿಲಿನ ತೇವದಲ್ಲಿ ಅದು ಹೆಚ್ಚು ಬಾಳುತ್ತದೆ.

ಅದಕ್ಕೂ ಮೊದಲು ಕೆಟ್ಟಿರುವುದು ಸ್ಪೀಕರೇ ಹೌದಾ ಅಂತ ಖಚಿತ ಮಾಡಿಕೊಳ್ಳಿ. ಬ್ಯಾಲೆನ್ಸ್ (ಎಡ-ಬಲ), ಫೇಡರ್ (ಹಿಂದೆ-ಮುಂದೆ) ತಿರುಗಿಸಿ ಒಂದೊಂದನ್ನೇ ಕೇಳಿ. ಸ್ಪೀಕರ್ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ 4 ಓಮ್‌ನದಕ್ಕೆ ಸಾಮಾನ್ಯವಾಗಿ 3.2ರಿಂದ 3.8 ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಬಾಗಿಲು ತೆಗೆದು ಹಾಕುವಾಗ ಮಾತ್ರ ಸದ್ದು ಬಂದು ಹೋದರೆ ಬಾಗಿಲಿಗೂ ಬಾಡಿಗೂ ನಡುವಿನ ರಬ್ಬರ್ ತೋಳಿನೊಳಗೆ ವೈರ್ ಮುರಿದಿರುವುದೇ ಹೆಚ್ಚು. ಹದಿನೈದು ವರ್ಷ ದಿನಕ್ಕೆ ಹತ್ತು ಸಲ ಬಾಗಿದ ತಾಮ್ರ ಅದು.

ಬಿಚ್ಚುವ ಕೆಲಸಕ್ಕೆ ಹೆದರಬೇಕಿಲ್ಲ, ಅವಸರ ಬೇಡ ಅಷ್ಟೇ. ಸ್ಕ್ರೂಗಳು ಹಿಡಿಕೆಯ ಒಳಗೆ, ಕೈ ಇಡುವ ಜಾಗದ ಮುಚ್ಚಳದ ಕೆಳಗೆ ಅಡಗಿರುತ್ತವೆ. ಕೈಯಲ್ಲಿ ತಿರುಗಿಸುವ ಗಾಜಿನ ಹಿಡಿಕೆ ಇದ್ದರೆ ಅದರ ಹಿಂದಿನ ಕ್ಲಿಪ್‌ಗೆ ಒಂದು ಬಟ್ಟೆ ತುಂಡು ಸಿಕ್ಕಿಸಿ ಆಚೀಚೆ ಎಳೆದರೆ ಬರುತ್ತದೆ, ಬಂದಾಗ ಹಾರಿ ಹೋಗದ ಹಾಗೆ ಕೈ ಅಡ್ಡ ಇರಲಿ. ಹಳೆ ಪ್ಲಾಸ್ಟಿಕ್ ಕ್ಲಿಪ್‌ಗಳು ಚಳಿಯಲ್ಲಿ ಪಟಪಟ ಮುರಿಯುತ್ತವೆ, ಕಾರನ್ನು ಸ್ವಲ್ಪ ಬಿಸಿಲಲ್ಲಿ ನಿಲ್ಲಿಸಿ ಶುರು ಮಾಡಿ. ಕಂಪನಿ ಸ್ಪೀಕರ್ ರಿವೆಟ್‌ನಲ್ಲಿ ಕೂತಿದ್ದರೆ ಡ್ರಿಲ್ ಮಾಡಿ ತೆಗೆಯಬೇಕು. ಆಗ ಉದುರುವ ಕಬ್ಬಿಣದ ಪುಡಿಯನ್ನು ಪೂರ್ತಿ ಎತ್ತಿಬಿಡಿ, ಹೊಸ ಸ್ಪೀಕರ್‌ನ ಮ್ಯಾಗ್ನೆಟ್ ಅದನ್ನು ಹುಡುಕಿಕೊಂಡು ಎಳೆಯುತ್ತದೆ. ಬಣ್ಣ ಹೋದ ಅಂಚಿಗೆ ಒಂದು ಕೈ ಪೇಂಟ್ ಬಳಿಯಿರಿ. ಹೊಸದನ್ನು ಬಿಗಿಯುವ ಮೊದಲು ಗಾಜನ್ನು ಪೂರ್ತಿ ಕೆಳಗಿಳಿಸಿ ನೋಡಿ. ಆರೂವರೆ ಇಂಚು ಅಂತ ಅಗಲ ಸರಿಹೊಂದಿದರೂ ಮ್ಯಾಗ್ನೆಟ್‌ನ ಆಳ ಹೆಚ್ಚಾಗಿ ಗಾಜಿಗೆ ತಾಗಬಹುದು. ಬಳೆ ಕೊಡಬೇಕಾದರೆ ಪ್ಲಾಸ್ಟಿಕ್ಕಿನದು ಕೊಡಿ, ಎಂಡಿಎಫ್ ಬೇಡ.

ಕಪ್ಲರ್ ಕತ್ತರಿಸುವುದನ್ನು ಮಾತ್ರ ಯಾರು ಮಾಡಿದರೂ ನಾನು ಒಪ್ಪಲಾರೆ. ಕಂಪನಿ ಪ್ಲಗ್‌ಗೆ ಕೂರುವ ಅಡಾಪ್ಟರ್ ವೈರ್ ಸಿಗುತ್ತದೆ. ಅದನ್ನು ಹೊಸ ಸ್ಪೀಕರ್‌ಗೆ ಹಾಕಿದರೆ ವಾಹನದ ಒಂದು ವೈರನ್ನೂ ಗಾಯ ಮಾಡಬೇಕಿಲ್ಲ. ಹಳೆ ಕಾರು ಅಂದರೆ ಯಾರು ಹೇಗೆ ಬೇಕಾದರೂ ಕತ್ತರಿಸಬಹುದು ಅನ್ನುವ ಧೋರಣೆ ನನಗೆ ನೋವು ಕೊಡುತ್ತದೆ. ಆ ವೈರನ್ನೇ ತೆಗೆದು ದಪ್ಪದ್ದು ಎಳೆಯಬೇಕು ಅನ್ನುವವರೂ ಇದ್ದಾರೆ. ಸ್ಟೀರಿಯೊದ ಇಪ್ಪತ್ತು ವಾಟ್‌ಗೆ ಕಂಪನಿ ವೈರ್ ಸಾಕು. ನನ್ನ ಕಾರಿನಲ್ಲಿ ಕತ್ತರಿಸಿ ಆಗಿತ್ತಲ್ಲ, ಬೆಸುಗೆ ಹಾಕಿ, ಬಿಸಿಗೆ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಏರಿಸಿ ಹೊಸ ಕಪ್ಲರ್ ಕೊಟ್ಟೆ.

ಪ್ಲಸ್ ಯಾವುದು ಅಂತ ತಿಳಿಯದಿದ್ದರೆ 1.5 ವೋಲ್ಟ್‌ನ ಒಂದು ಸಣ್ಣ ಬ್ಯಾಟರಿ ತಗೊಂಡು ಸ್ಪೀಕರ್‌ನ ಎರಡು ಕಡ್ಡಿಗೆ ಒಂದು ಕ್ಷಣ ತಾಗಿಸಿ. ಕೋನ್ ಹೊರಕ್ಕೆ ಬಂದರೆ ಬ್ಯಾಟರಿಯ ಪ್ಲಸ್ ತಾಗಿದ್ದೇ ಸ್ಪೀಕರ್‌ನ ಪ್ಲಸ್. ಎಲ್ಲ ಮುಗಿದ ಮೇಲೆ ಬ್ಯಾಲೆನ್ಸ್ ನಡುವಲ್ಲಿಟ್ಟು ಒಬ್ಬರೇ ಹಾಡುವ ಹಾಡು ಹಾಕಿ. ದನಿ ಡ್ಯಾಶ್‌ಬೋರ್ಡ್‌ನ ನಡುವಿಂದ ಬರಬೇಕು. ತಲೆಯ ಸುತ್ತ ಎಲ್ಲೋ ತೇಲಿದರೆ ಒಂದು ಕಡೆ ತಿರುವುಮುರುವಾಗಿದೆ. ಸ್ಟೀರಿಯೊದಲ್ಲಿ ಹೈಪಾಸ್ (ಇಟ್ಟ ಅಂಕಿಗಿಂತ ಕೆಳಗಿನ ಬಾಸ್ ತಡೆಯುವುದು) ಅಂತ ಇದ್ದರೆ 80 ಹರ್ಟ್ಸ್‌ಗೆ ಇಡಿ, ಚಿಕ್ಕ ಕೋನ್ ತನ್ನಿಂದಾಗದ ಬಾಸ್‌ಗೆ ಒದ್ದಾಡುವುದು ನಿಂತು ಉಳಿದದ್ದು ತಿಳಿಯಾಗುತ್ತದೆ.

ಒಂದು ಮಾತು ಹೇಳಲೇಬೇಕು. ನಾನು ಈ ಸಲ ಹೊಸ ಸ್ಪೀಕರ್ ಕೊಳ್ಳಲೇ ಇಲ್ಲ. ಅಂಗಡಿಯವರು ಹಾಕಿದ್ದ ಅದೇ ಜೋಡಿಯನ್ನು, ಪ್ಲಾಸ್ಟಿಕ್ ಬಳೆ ಕೊಟ್ಟು, ಬಾಗಿಲಿಗೂ ಸ್ಪೀಕರ್‌ಗೂ ನಡುವೆ, ಸ್ಪೀಕರ್‌ಗೂ ಡೋರ್ ಪ್ಯಾಡ್‌ನ ಜಾಲರಿಗೂ ನಡುವೆ ಫೋಮ್ ಗ್ಯಾಸ್ಕೆಟ್ ಇಟ್ಟು, ಸರಿಯಾದ ಪ್ಲಸ್ ಮೈನಸ್ ಕೊಟ್ಟು ಮತ್ತೆ ಕೂರಿಸಿದೆ. ಹೆಚ್ಚು ಸೆನ್ಸಿಟಿವಿಟಿ ಇರುವ ಜೋಡಿ ಹಾಕಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು, ಅದು ಮುಂದೆ ನೋಡೋಣ. ಎರಡು ವರ್ಷ ನಾನು ಬೈದುಕೊಂಡ ಅವೇ ಸ್ಪೀಕರ್‌ಗಳಲ್ಲಿ ಈಗ ಬಾಸ್ ಇದೆ, ಹಾಡುವವರು ಉಸಿರು ತೆಗೆದುಕೊಳ್ಳುವುದೂ ಕೇಳಿಸುತ್ತದೆ.

ಕೆಲಸ ಮುಗಿದ ಸಂಜೆ ಅಪ್ಪ ಬಂದು ಕಾರಿನಲ್ಲಿ ಕೂತರು. ನಾನು ಹಾಡು ಹಾಕುವ ಮೊದಲೇ ಬಾಗಿಲು ಎಳೆದುಕೊಂಡವರು ತಡೆದು, ಮತ್ತೆ ತೆಗೆದು, ಮತ್ತೊಮ್ಮೆ ಮುಚ್ಚಿದರು. "ಬಾಗಿಲು ಹಾಕೋ ಸದ್ದೇ ಬೇರೆ ಆಗಿದೆಯಲ್ಲೋ" ಅಂದರು. ಹಿಂದಿನ ಎರಡು ಬಾಗಿಲು ಇನ್ನೂ ಬಾಕಿ ಇವೆ. ಅರ್ಧ ಸುರುಳಿ ಶೀಟ್ ಉಳಿದಿದೆ, ಬರುವ ಭಾನುವಾರ ತಾನೂ ಕೈ ಹಾಕುತ್ತೇನೆ ಅಂದಿದ್ದಾರೆ.